ಹಳೆಯ ಪುಟವೇ ಮತ್ತೆ ಮತ್ತೆ ಬರುತ್ತಿದೆಯೇ?

ಪ್ರಶ್ನೆ: ಕಚೇರಿ ಪೋರ್ಟಲ್‌ನ ಫಾರಂ ಬದಲಾಗಿದೆಯಂತೆ. ನನ್ನ ಕ್ರೋಮ್‌ನಲ್ಲಿ ಮಾತ್ರ ಹಳೆಯದೇ ಕಾಣುತ್ತದೆ. ಬ್ರೌಸರ್‌ನಲ್ಲಿರುವುದನ್ನೆಲ್ಲ ಅಳಿಸಿಬಿಡಲೇ?

ಉತ್ತರ: ದಯವಿಟ್ಟು ಬೇಡ. ನಿಮ್ಮ ಲಾಗಿನ್ ನೆನಪಿಡಲು ಸೈಟ್‌ಗಳು ಬ್ರೌಸರ್‌ನಲ್ಲಿ ಇಡುವ ಚಿಕ್ಕ ಫೈಲ್‌ಗಳಾದ ಕುಕೀಗಳೂ ಹೋಗಿ ಎಲ್ಲ ಸೈಟ್‌ಗಳಲ್ಲೂ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಪುಟ ಬೇಗ ತೆರೆಯಲೆಂದು ಬ್ರೌಸರ್ ಕೆಲವು ಫೈಲ್‌ಗಳನ್ನು ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆ. ನಿಮಗೆ ಕಾಣುತ್ತಿರುವುದು ಬಹುಶಃ ಆ ಹಳೆಯ ಪ್ರತಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಆರ್ ಕೀಗಳನ್ನು ಒಟ್ಟಿಗೆ ಒತ್ತಿ, ಪುಟ ಹೊಸದಾಗಿ ಇಳಿಯುತ್ತದೆ. ಅರ್ಧ ತುಂಬಿದ ಫಾರಂ ಇದ್ದರೆ ಮೊದಲು ಸೇವ್ ಮಾಡಿ, ಇಲ್ಲವಾದರೆ ಬರೆದದ್ದು ಹೋದೀತು.

ಆಗಲಿಲ್ಲವೇ? ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಅಂದರೆ ಹಳೆಯ ಡೇಟಾ ಬಳಸದ ಖಾಸಗಿ ಕಿಟಕಿಯಲ್ಲಿ, ನೋಡಿ. ಅಲ್ಲಿ ಸರಿಯಿದ್ದರೆ ತೊಂದರೆ ಬ್ರೌಸರ್‌ನಲ್ಲಿ ಉಳಿದಿರುವ ಡೇಟಾದಲ್ಲೋ ಎಕ್ಸ್‌ಟೆನ್ಷನ್‌ನಲ್ಲೋ (ಬ್ರೌಸರ್‌ಗೆ ಸೇರಿಸಿಕೊಂಡ ಚಿಕ್ಕ ಪ್ರೋಗ್ರಾಂ) ಇದೆ. ವಿಳಾಸದ ಎಡಗಡೆಯ ಚಿಹ್ನೆ ಒತ್ತಿ, ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಒಂದೇ ಸೈಟಿನ ಡೇಟಾ ಅಳಿಸಿ. ಮತ್ತೆ ಲಾಗಿನ್ ಕೇಳುವುದು ಅಲ್ಲಿ ಮಾತ್ರ.