ಗಿರಣಿಯ ಕಂಪ್ಯೂಟರ್‌ಗಳಿಗೆ ಯಾವ ಆಂಟಿವೈರಸ್ ಹಾಕಿಸಬೇಕು?

ಗಂಗಾವತಿಯಲ್ಲಿ ಅಕ್ಕಿ ಗಿರಣಿ, ಆರು ಕಂಪ್ಯೂಟರ್, ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್, ಗೇಟಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಎಂದು ಬರೆದಿದ್ದೀರಿ. ಪರಿಚಯದವರ ಗಿರಣಿಯಲ್ಲಿ ಬೆಳಿಗ್ಗೆ ಬಂದು ನೋಡಿದರೆ ಫೈಲೆಲ್ಲ ಲಾಕ್ ಆಗಿ, ದುಡ್ಡು ಕೇಳುವ ಚೀಟಿ ಪರದೆಯ ಮೇಲಿತ್ತಂತೆ. ರ‍್ಯಾನ್ಸಮ್‌ವೇರ್ ಎಂದರೆ ಇದೇ. ಅದಕ್ಕೇ ಆಂಟಿವೈರಸ್ ವಿಚಾರಿಸುತ್ತಿದ್ದೀರಿ.

ಆಂಟಿವೈರಸ್ ಆಮೇಲೆ ನೋಡೋಣ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ದಿನಾ ಅಪ್‌ಡೇಟ್ ಆಗುತ್ತಿದ್ದರೆ ನಿಮ್ಮಷ್ಟು ದೊಡ್ಡ ಕಚೇರಿಗೆ ಅದು ಸಾಕೆಂದೇ ನನ್ನ ಅಭಿಪ್ರಾಯ. ಇವತ್ತೇ ನೋಡಬೇಕಾದ್ದು ರೂಟರ್, ಅಂದರೆ ಇಂಟರ್ನೆಟ್ ಒಳಗೆ ಬರುವ ಪೆಟ್ಟಿಗೆ.

ಆಡಿಟರ್ ತಮ್ಮ ಊರಿನಿಂದಲೇ ಟ್ಯಾಲಿ ನೋಡಲಿ ಎಂದು ಎಷ್ಟೋ ಕಡೆ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ಕಂಪ್ಯೂಟರ್ ನಡೆಸುವ ವಿಂಡೋಸ್‌ನ ಸೌಲಭ್ಯ) ತೆರೆದು, ರೂಟರ್‌ನಲ್ಲಿ ಅದರ ಬಾಗಿಲಾದ 3389ನೇ ಪೋರ್ಟನ್ನು ಒಳಗಿನ ಕಂಪ್ಯೂಟರ್‌ಗೆ ತಿರುಗಿಸಿ ಇಟ್ಟಿರುತ್ತಾರೆ. ದಾಳಿ ಮಾಡುವವನಿಗೆ ನಿಮ್ಮ ಗಿರಣಿಯ ಹೆಸರೂ ಗೊತ್ತಿರಬೇಕಿಲ್ಲ. ಅವನ ಪ್ರೋಗ್ರಾಂ ಇಡೀ ಇಂಟರ್ನೆಟ್ ಮೇಲೆ ತೆರೆದ ಪೋರ್ಟ್‌ಗಳನ್ನು ಹುಡುಕಿ, ಹಗಲೂ ರಾತ್ರಿ ಪಾಸ್‌ವರ್ಡ್ ಊಹಿಸುತ್ತಿರುತ್ತದೆ. ಒಮ್ಮೆ ಅಡ್ಮಿನ್ ಖಾತೆ ಸಿಕ್ಕಿತೆಂದರೆ ಅವನು ಮನುಷ್ಯನಂತೆಯೇ ಒಳಗೆ ಕೂತು ಮೊದಲು ಆಂಟಿವೈರಸ್ ಆಫ್ ಮಾಡುತ್ತಾನೆ, ಆಮೇಲೆ ವಿಂಡೋಸ್ ಇಟ್ಟುಕೊಂಡ ಹಳೆಯ ನಕಲುಗಳನ್ನು ಅಳಿಸುತ್ತಾನೆ, ಕೊನೆಗೆ ಫೈಲ್ ಲಾಕ್ ಮಾಡುತ್ತಾನೆ. ಸಾವಿರಾರು ರೂಪಾಯಿಯ ಆಂಟಿವೈರಸ್ ಇದ್ದೂ ಕಚೇರಿಗಳು ಮುಳುಗುವುದು ಹೀಗೆ.

ರೂಟರ್‌ನ ಪುಟದಲ್ಲಿ 'ಪೋರ್ಟ್ ಫಾರ್ವರ್ಡಿಂಗ್' ಅಥವಾ 'ವರ್ಚುವಲ್ ಸರ್ವರ್' ತೆರೆದು ಅಲ್ಲಿರುವುದನ್ನು ತೆಗೆಸಿ. ಪ್ರೋಗ್ರಾಂಗಳು ತಾವೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಆಫ್ ಮಾಡಿಸಿ. 3389ರ ಬದಲು 3390 ಇಟ್ಟರೆ ಯಾರಿಗೂ ಕಾಣುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಹುಡುಕುವ ಪ್ರೋಗ್ರಾಂ ಎಲ್ಲ ಪೋರ್ಟನ್ನೂ ತಟ್ಟಿ ನೋಡುತ್ತದೆ. ಈಗಾಗಲೇ ಯಾರಾದರೂ ತಟ್ಟಿದ್ದಾರೋ ಎಂದು ತಿಳಿಯಲು, ವಿಂಡೋಸ್ ತನ್ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 4625 ಸಂಖ್ಯೆಯ ದಾಖಲೆ ಹುಡುಕಿ. ಅದು ಸೋತ ಲಾಗಿನ್. ರಾತ್ರಿ 2 ಗಂಟೆಗೆ 'ಅಡ್ಮಿನ್', 'ಟೆಸ್ಟ್' ಎಂಬ ಹೆಸರಲ್ಲಿ ನೂರಾರು ಸಾಲು ಕಂಡರೆ ಬಾಗಿಲು ತೆರೆದೇ ಇದೆ. 4624 (ಗೆದ್ದ ಲಾಗಿನ್), ಲಾಗಿನ್ ಬಗೆ 10 ಎಂದಿದ್ದರೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ಬಂದಿದ್ದಾರೆ ಎಂದರ್ಥ. ಅದು ನಿಮ್ಮ ಆಡಿಟರೇ ಹೌದೋ ಅಲ್ಲವೋ ಕೇಳಿ ಖಚಿತಪಡಿಸಿಕೊಳ್ಳಿ. ಅವರಿಗೆ ಇನ್ನು ಮುಂದೆ ವಿಪಿಎನ್ (ಗುರುತು ತೋರಿಸಿದವರಿಗೆ ಮಾತ್ರ ತೆರೆಯುವ ಖಾಸಗಿ ದಾರಿ) ಕೊಡಿ, ಇಲ್ಲವೇ ಪ್ರತಿ ಸಲ ನಿಮ್ಮವರು 'ಒಪ್ಪಿಗೆ' ಒತ್ತಿದರೆ ಮಾತ್ರ ತೆರೆಯುವ ಎನಿಡೆಸ್ಕ್‌ನಂಥದ್ದು ಸಾಕು. ಅದರಲ್ಲಿ ಯಾರೂ ಇಲ್ಲದಾಗಲೂ ತೆರೆಯುವ ಪಾಸ್‌ವರ್ಡ್ ಇಡಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆ: 'ಟ್ಯಾಲಿಗೆ ಪಾಸ್‌ವರ್ಡ್ ಇದೆಯಲ್ಲ'. ರ‍್ಯಾನ್ಸಮ್‌ವೇರ್‌ಗೆ ನಿಮ್ಮ ಲೆಕ್ಕ ಓದಬೇಕಾಗಿಲ್ಲ, ಫೈಲನ್ನು ಹೊರಗಿನಿಂದಲೇ ಲಾಕ್ ಮಾಡುತ್ತದೆ. ಟ್ಯಾಲಿ ಡೇಟಾ ಫೋಲ್ಡರ್ ನೆಟ್‌ವರ್ಕ್‌ನಲ್ಲಿ ಎಲ್ಲರಿಗೂ ಬರೆಯುವ ಹಕ್ಕಿನೊಂದಿಗೆ ಹಂಚಿರುವುದರಿಂದ ಆರರಲ್ಲಿ ಒಂದು ಕಂಪ್ಯೂಟರ್ ಕೆಟ್ಟರೂ ಸಾಕು. ಹಂಚಿಕೆಯನ್ನು 'ಎವ್ರಿವನ್' ಎಂಬುದರಿಂದ ತೆಗೆದು, ಟ್ಯಾಲಿ ಬಳಸುವ ಗುಮಾಸ್ತರ ಖಾತೆಗಳಿಗೆ ಮಾತ್ರ ಕೊಡಿ. ಆ ಖಾತೆಗಳು ಅಡ್ಮಿನ್ ಆಗಿರಬಾರದು. ಆದರೂ ಎಂಟ್ರಿ ಮಾಡುವವರಿಗೆ ಬರೆಯುವ ಹಕ್ಕು ಬೇಕೇ ಬೇಕು, ಆದ್ದರಿಂದ ಅಪಾಯ ಪೂರ್ತಿ ಹೋಗುವುದಿಲ್ಲ.

ಹಾಗಾಗಿ ಆಂಟಿವೈರಸ್‌ಗೆ ಎತ್ತಿಟ್ಟ ದುಡ್ಡಲ್ಲಿ 1 ಟಿಬಿಯ ಎರಡು ಹೊರಗಿನ ಡಿಸ್ಕ್ ತನ್ನಿ. ಭತ್ತದ ಸುಗ್ಗಿಯಲ್ಲಿ ದಿನಾ ಸಂಜೆ, ಉಳಿದ ಕಾಲದಲ್ಲಿ ವಾರಕ್ಕೆರಡು ಸಲ: ಎಲ್ಲರೂ ಟ್ಯಾಲಿಯಿಂದ ಹೊರಬಂದ ಮೇಲೆ, ಟ್ಯಾಲಿಯದೇ ಬ್ಯಾಕಪ್ ತೆಗೆದು ತಾರೀಖಿನ ಹೆಸರಿನ ಫೋಲ್ಡರ್‌ನಲ್ಲಿಟ್ಟು, ಡಿಸ್ಕ್ ಕಳಚಿ. ಒಂದು ಡಿಸ್ಕ್ ಕಚೇರಿಯ ಬೀರುವಿನಲ್ಲಿ, ಇನ್ನೊಂದು ಮನೆಯಲ್ಲಿ, ವಾರಕ್ಕೊಮ್ಮೆ ಅದಲುಬದಲು. ಸದಾ ಚುಚ್ಚಿಟ್ಟ ಡಿಸ್ಕ್ ಬ್ಯಾಕಪ್ ಅಲ್ಲ, ದಾಳಿಯಾದಾಗ ಅದೂ ಲಾಕ್ ಆಗುತ್ತದೆ. ಗೂಗಲ್ ಡ್ರೈವ್ ಸಿಂಕ್ ಕೂಡ ಲಾಕ್ ಆದ ಫೈಲನ್ನೇ ಮೇಲಕ್ಕೆ ಕಳಿಸುತ್ತದೆ. ಹಳೆಯ ಆವೃತ್ತಿ ಸಾಮಾನ್ಯವಾಗಿ 30 ದಿನ ಉಳಿಯುತ್ತದೆ, ಆದರೆ ಸಾವಿರಾರು ಫೈಲನ್ನು ಒಂದೊಂದಾಗಿ ಹಿಂದಕ್ಕೆ ತರುವ ಕಷ್ಟ ಊಹಿಸಿಕೊಳ್ಳಿ.

ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರ್‌ನಲ್ಲಿ ಖಾಲಿ ಫೋಲ್ಡರ್‌ಗೆ ರಿಸ್ಟೋರ್ ಮಾಡಿ, ಕೊನೆಯ ಬಿಲ್ ನಂಬರ್ ಮತ್ತು ಅಕ್ಕಿ, ನುಚ್ಚು, ತೌಡಿನ ದಾಸ್ತಾನು ತಾಳೆ ನೋಡಿ. ನಡೆಯುತ್ತಿರುವ ಡೇಟಾ ಫೋಲ್ಡರ್‌ಗೇ ರಿಸ್ಟೋರ್ ಕೊಟ್ಟರೆ ಇವತ್ತಿನ ಲೆಕ್ಕದ ಮೇಲೆ ಹಳೆಯದು ಕೂರುತ್ತದೆ, ಜೋಪಾನ.

ಎಲ್ಲರೂ ಮರೆಯುವುದು ವೇಬ್ರಿಡ್ಜ್ ಕಂಪ್ಯೂಟರನ್ನು. ಅದು ಸಾಮಾನ್ಯವಾಗಿ ಮೂಲೆಯಲ್ಲಿರುವ ಹಳೆಯ ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ, ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2017ರ ಮೇನಲ್ಲಿ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿದ್ದು, ಮಾರ್ಚ್‌ನಲ್ಲೇ ಬಂದಿದ್ದ ಅಪ್‌ಡೇಟ್ ಹಾಕದ ಇಂಥ ಯಂತ್ರಗಳ ಮೂಲಕವೇ. ಹೊಸದು ಕೊಳ್ಳಲಾಗದಿದ್ದರೆ ಅದಕ್ಕೆ ಇಂಟರ್ನೆಟ್ ಕೊಡಬೇಡಿ, ಉಳಿದ ಐದರ ನೆಟ್‌ವರ್ಕ್‌ಗೂ ಸೇರಿಸಬೇಡಿ. ತೂಕದ ಡೇಟಾಬೇಸ್ ಫೈಲ್ ಎಲ್ಲಿದೆ ಎಂದು ಹಾಕಿಕೊಟ್ಟವರಿಂದ ಕೇಳಿ ಬರೆದಿಡಿ. ತೂಕ ತೋರಿಸುವ ಇಂಡಿಕೇಟರ್ ಕಂಪ್ಯೂಟರ್‌ನ ಯಾವ ಕಾಮ್ ಪೋರ್ಟ್‌ನಲ್ಲಿ (ಸೀರಿಯಲ್ ಸಂಪರ್ಕದಲ್ಲಿ) ಇದೆ, ಬಾಡ್ ರೇಟ್ (ಡೇಟಾ ಕಳಿಸುವ ವೇಗ) 2400ರೋ 9600ರೋ ಎಂಬುದನ್ನೂ ಕಾಗದದಲ್ಲಿ ಬರೆದು ಅಂಟಿಸಿ. ಯಂತ್ರ ಬದಲಿಸುವ ದಿನ ಇದು ಸಿಗದಿದ್ದರೆ ಗೇಟಿನಲ್ಲಿ ಲಾರಿಗಳು ಸಾಲಾಗಿ ನಿಂತುಬಿಡುತ್ತವೆ.

ಇಮೇಲ್ ವಿಷಯ ಚಿಕ್ಕದು: ಪಾರ್ಟಿಯ ಹೆಸರಲ್ಲಿ 'ಬ್ಯಾಂಕ್ ಖಾತೆ ಬದಲಾಗಿದೆ' ಎಂದು ಬಂದರೆ, ಆ ಮೇಲ್‌ನಲ್ಲಿರುವ ನಂಬರಿಗಲ್ಲ, ನಿಮ್ಮ ಹಳೆಯ ಪುಸ್ತಕದಲ್ಲಿರುವ ನಂಬರಿಗೆ ಕರೆ ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಕ್ಷಣ ತಿಳಿಸಿ, ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ.

ಫೈಲ್ ಲಾಕ್ ಆಗಿರುವುದು ಕಂಡ ಕೂಡಲೇ ಎಲ್ಲ ಕಂಪ್ಯೂಟರ್‌ಗಳ ಲ್ಯಾನ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ. ಗಾಬರಿಯಲ್ಲಿ ಬ್ಯಾಕಪ್ ಡಿಸ್ಕ್ ತಂದು ಚುಚ್ಚಬೇಡಿ, ಅಲ್ಲಿಗೆ ಅದೂ ಹೋಯಿತು. ಚೀಟಿಯ ಫೋಟೋ ತೆಗೆಯಿರಿ, ಫಾರ್ಮ್ಯಾಟ್ ಮಾಡಬೇಡಿ. 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ಘಟನೆಯನ್ನು ತಿಳಿದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕು. ಕೊಪ್ಪಳದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲೂ ದೂರು ಕೊಡಿ. ಕೆಲವು ಬಗೆಯ ಲಾಕ್‌ಗೆ 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಉಚಿತ ಕೀಲಿ ಸಿಗುತ್ತದೆ, ಅದನ್ನು ನೋಡುವ ಮೊದಲೇ ದುಡ್ಡಿನ ಮಾತಿಗೆ ಇಳಿಯಬೇಡಿ. ಆಮೇಲೆ ಹೊಸ ಡಿಸ್ಕ್‌ಗೆ ವಿಂಡೋಸ್ ಹಾಕಿಸಿ, ರೂಟರ್‌ನದೂ ಸೇರಿ ಎಲ್ಲ ಪಾಸ್‌ವರ್ಡ್ ಬದಲಿಸಿ, ಅದಾದ ಮೇಲೆಯೇ ಮನೆಯ ಡಿಸ್ಕ್ ತನ್ನಿ.