ಭೇದಿಯಾದ ಮಗುವಿಗೆ ಸಕ್ಕರೆ ಬಿಟ್ಟು ಬರೀ ಉಪ್ಪುನೀರು ಕೊಡಬಹುದಾ?

ಸಕ್ಕರೆ ಹಾಕಿದರೆ ಭೇದಿ ಜಾಸ್ತಿಯಾಗುತ್ತೆ, ಬರೀ ಉಪ್ಪುನೀರು ಸಾಕಲ್ವಾ ಅಂತ ಕೇಳಿದ್ದೀರಿ. ಸಾಲದು. ಹಾಗಂತ ನಿಮ್ಮ ಭಯ ಪೂರ್ತಿ ಸುಳ್ಳೂ ಅಲ್ಲ. ನಾನು ಇದರ ಉಲ್ಟಾ ತಪ್ಪು ಮಾಡಿ ಮಗನನ್ನು ಆಸ್ಪತ್ರೆಗೆ ಸೇರಿಸಿದವಳು.

ಅವನಿಗಾಗ ಎರಡೂವರೆ ವರ್ಷ. ಬೆಳಿಗ್ಗೆಯಿಂದ ನೀರಿನಂತೆ ಭೇದಿ. ಓಆರ್‌ಎಸ್, ಅಂದರೆ ಭೇದಿಯಾದಾಗ ನೀರಲ್ಲಿ ಬೆರೆಸಿ ಕುಡಿಸುವ ಉಪ್ಪು, ಗ್ಲೂಕೋಸ್ ಪುಡಿಯ ಪೊಟ್ಟಣ ಮನೆಯಲ್ಲೇ ಇತ್ತು. ಒಂದು ಲೀಟರ್ ನೀರಿಗೆ ಬೆರೆಸಿ ಅಂತ ಅದರ ಮೇಲೆ ಬರೆದಿತ್ತು. ಓದಿದೆ. ಓದಿಯೂ, ಇಷ್ಟು ಪುಟ್ಟ ಮಗು ಲೀಟರ್ ಎಲ್ಲಿ ಕುಡಿಯುತ್ತೆ ಅಂದುಕೊಂಡು ಇಡೀ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದೆ. 200 ಮಿ.ಲೀ. ಹಿಡಿಯುವ ಸ್ಟೀಲ್ ಲೋಟ. ಔಷಧಿ ತಾನೇ, ಗಟ್ಟಿಯಿದ್ದಷ್ಟೂ ಒಳ್ಳೆಯದು ಅನ್ನೋ ಲೆಕ್ಕ. ಮುಖ ಸಿಂಡರಿಸಿದ, ಮೇಲೆ ಎರಡು ಚಮಚ ಸಕ್ಕರೆ ಹಾಕಿದೆ. ಕುಡಿದು ಇನ್ನೂ ಬೇಕು ಅಂದ. ಇನ್ನೊಂದು ಪೊಟ್ಟಣ, ಇನ್ನೊಂದು ಲೋಟ. ಅದು ಬಾಯಾರಿಕೆ. ನಾನು ಔಷಧಿ ಹಿಡಿಸಿತು ಅಂತ ಖುಷಿಪಟ್ಟೆ! ಸಂಜೆಗೆ ಭೇದಿ ಇನ್ನೂ ಜೋರು, ಕಣ್ಣು ಗುಳಿಬಿದ್ದಿತ್ತು, ಅತ್ತರೆ ಕಣ್ಣೀರಿಲ್ಲ. ಎರಡು ದಿನ ಡ್ರಿಪ್.

ಡ್ಯೂಟಿ ಡಾಕ್ಟರಮ್ಮ ಬೈಯಲಿಲ್ಲ. "ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಿಗ್ಗೆ ಏನಾಗಿರುತ್ತೆ ಹೇಳಿ" ಅಂದರು. ನೀರು ಬಿಟ್ಟಿರುತ್ತೆ. ಕರುಳಲ್ಲೂ ಅದೇ ಆಗಿದ್ದು. ಜೀವಕೋಶದ ಪೊರೆ ದಾಟುವ ನೀರು ಉಪ್ಪು, ಸಕ್ಕರೆ ಗಟ್ಟಿ ಇರುವ ಕಡೆಗೇ ಹೋಗುತ್ತದೆ. ಸರಿಯಾಗಿ ಬೆರೆಸಿದ ಓಆರ್‌ಎಸ್ ಲೀಟರಿಗೆ 245 ಮಿಲಿಆಸ್ಮೋಲ್ (ದ್ರಾವಣ ಎಷ್ಟು ಗಟ್ಟಿ ಅನ್ನೋದರ ಅಳತೆ), ರಕ್ತಕ್ಕಿಂತ ತುಸು ತೆಳು. ನನ್ನ ಲೋಟದ್ದು ಅದರ ಐದು ಪಟ್ಟು, ಜೊತೆಗೆ ಸಕ್ಕರೆ ಬೇರೆ. ಮಗನ ಮೈಯೊಳಗಿನ ನೀರನ್ನು ಕರುಳಿಗೆ ಎಳೆದು ಹೊರಗೆ ಕಳಿಸಿದ್ದು ನಾನೇ.

ಹಾಗಾದರೆ ಸಕ್ಕರೆ ಯಾಕೆ ಬೇಕು? ಉಪ್ಪಿನ ಸೋಡಿಯಂ ಸುಮ್ನೆ ಪೊರೆಯೊಳಗೆ ನುಗ್ಗಲಾರದು. ಕರುಳಿನ ಕೋಶದಲ್ಲಿ ಒಂದು ಬಾಗಿಲಿದೆ. 2 ಸೋಡಿಯಂ, 1 ಗ್ಲೂಕೋಸ್ (ಸಕ್ಕರೆ ಕರುಳಲ್ಲಿ ಒಡೆದಾಗ ಸಿಗುವುದು ಇದೇ) ಜೊತೆಯಾಗಿ ಬಂದರೆ ಮಾತ್ರ ಒಳಗೆ ಬಿಡುತ್ತದೆ. ಕೋಶದ ಇನ್ನೊಂದು ಬದಿಯ ಪಂಪು ಶಕ್ತಿ ಖರ್ಚು ಮಾಡಿ ಆ ಸೋಡಿಯಂ ಅನ್ನು ರಕ್ತದ ಕಡೆಗೆ ತಳ್ಳುತ್ತದೆ. ಇವುಗಳ ಹಿಂದೆಯೇ ನೀರು ಹೋಗುತ್ತದೆ. ಕಾಲರಾದಲ್ಲೂ ಈ ಬಾಗಿಲು ಕೆಲಸ ಮಾಡುತ್ತಿರುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಸಾಲದಾದಾಗ, ಡಾ. ದಿಲೀಪ್ ಮಹಾಲನೊಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನೇ ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದ್ದು ಇದೇ ಬಾಗಿಲನ್ನು ನಂಬಿ.

ಆದ್ದರಿಂದ ಸಕ್ಕರೆ ಬೇಕಾ ಬೇಡವಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಅಳತೆ ಕೇಳಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಲೆತಟ್ಟಿದ ಚಮಚ, ಗುಡ್ಡೆ ಮಾಡಿದ್ದಲ್ಲ. ಅಂಗಡಿಯ ಜ್ಯೂಸು, ಸಿಹಿ ಸೋಡಾ ಹತ್ತಿರ ಸೇರಿಸಬೇಡಿ, ಅವು ನನ್ನ ಲೋಟದ ನೆಂಟರು. ಇದರಿಂದ ಭೇದಿ ತಕ್ಷಣ ನಿಲ್ಲುತ್ತೆ ಅಂತಲೂ ಕಾಯಬೇಡಿ, ಹೋದ ನೀರು ವಾಪಸ್ ಬಂದರೆ ಸಾಕು. ಗುಟುಕು ಗುಟುಕಾಗಿ ಕುಡಿಸಿ. ಮಗು ಮಂಕಾದರೆ, ಉಚ್ಚೆ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ಇಲ್ಲಿ ಉತ್ತರ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಬೆರೆಸಿದ್ದು 24 ಗಂಟೆ ದಾಟಿದರೆ ಚೆಲ್ಲಿ. ನಮ್ಮತ್ತೆಗೆ ಈಗಲೂ ಅದು ದಂಡ ಅನ್ನಿಸುತ್ತೆ.