ನೆರೆಮನೆಯ ಕಡುಬು, ನಮ್ಮ ಮನೆಯ ತೆರ್ಸ್

ಪತ್ರದ ಸಾರ: ಶಿರ್ವದ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿರುವ ಕಥೋಲಿಕ ಓದುಗರೊಬ್ಬರು ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ. ಗಣೇಶ ಚತುರ್ಥಿಯ ದಿನ ಎದುರು ಮನೆಯವರು ಕಡುಬು ಕೊಟ್ಟಾಗ ಅವರ ನಾಲ್ಕನೇ ತರಗತಿಯ ಮಗಳು ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತು ಅಪ್ಪ ಅಮ್ಮನ ಮುಖ ನೋಡಿದಳಂತೆ. ನೈವೇದ್ಯ ಮಾಡಿದ್ದನ್ನು ತಿನ್ನಬಾರದು ಎಂದು ಪತ್ನಿ ಹೇಳಿದರು, ಇವರು ಸುಮ್ಮನಿದ್ದರು. ರಾಜ್ಯೋತ್ಸವಕ್ಕೆ ಮಗಳು ಶಾಲೆಯಲ್ಲಿ ಸರ್ವಜ್ಞನ ತ್ರಿಪದಿ ಹೇಳಬೇಕಿದೆ, ಅದೂ ಬೇಡವೆಂದು ಪ್ರಾರ್ಥನಾ ಕೂಟದಲ್ಲಿ ಒಬ್ಬರು ಆಕ್ಷೇಪಿಸಿದ್ದಾರೆ. ಊರಿನಲ್ಲಿ ಅವರ ತಂದೆ ಪ್ರತಿ ಸಂಜೆ ಹೇಳಿಸುತ್ತಿದ್ದ ತೆರ್ಸ್, ಅಂದರೆ ಕೊಂಕಣಿಯ ಜಪಮಾಲೆ ಪ್ರಾರ್ಥನೆ, ಇವರ ಮನೆಯಲ್ಲಿ ನಿಂತುಹೋಗಿದೆ. "ಸುತ್ತಲಿನ ಸಂಸ್ಕೃತಿಯ ನಡುವೆ ಮಕ್ಕಳ ವಿಶ್ವಾಸವನ್ನು ತಂದೆಯಾದವನು ಕಾಪಾಡುವುದು ಹೇಗೆ?" ಎಂಬುದು ಅವರ ಪ್ರಶ್ನೆ.

ಪ್ರಿಯ ಸಹೋದರರೇ,

ನಿಮ್ಮ ಪತ್ರದಲ್ಲಿ ಕಡುಬಿನ ವಿಚಾರಕ್ಕೆ ಒಂದು ಪುಟ ಸಂದಿದೆ, ತೆರ್ಸ್ ನಿಂತುಹೋದದ್ದಕ್ಕೆ ಒಂದೇ ಸಾಲು. ನನಗೆ ಮುಖ್ಯವಾಗಿ ಕಂಡದ್ದು ಆ ಒಂದು ಸಾಲು. ಆದರೂ ಕಡುಬಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ಮಗು ತಟ್ಟೆ ಹಿಡಿದು ನಿಂತಿದೆ.

ಈ ಪ್ರಶ್ನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ಕೊರಿಂಥದ ವಿಶ್ವಾಸಿಗಳು ಸಂತ ಪೌಲರನ್ನು ಕೇಳಿದ್ದೂ ಇದನ್ನೇ. ಅವರ ಊರಿನಲ್ಲಿ ವಿಗ್ರಹಗಳಿಗೆ ಅರ್ಪಿಸಿದ ಮಾಂಸ ಅಂಗಡಿಗೂ ಬರುತ್ತಿತ್ತು, ನೆಂಟರ ಮನೆಯ ಊಟದಲ್ಲೂ ಇರುತ್ತಿತ್ತು. ಪೌಲರು ಅವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿ. ತಿಂಡಿ ತಿನಿಸು ನಮ್ಮನ್ನು ದೇವರ ಬಳಿಗೆ ಒಯ್ಯುವುದಿಲ್ಲ, ತಿಂದರೆ ಲಾಭವಿಲ್ಲ, ಬಿಟ್ಟರೆ ನಷ್ಟವಿಲ್ಲ ಎನ್ನುತ್ತಾರೆ. ಅನ್ಯರು ಊಟಕ್ಕೆ ಕರೆದರೆ ಬಡಿಸಿದ್ದನ್ನು ಏನು ಎತ್ತ ಎಂದು ವಿಚಾರಿಸದೆ ಉಣ್ಣಿರಿ ಎನ್ನುತ್ತಾರೆ. ಆದರೆ ಇದು ಅರ್ಪಿಸಿದ್ದು ಎಂದು ಯಾರಾದರೂ ಎತ್ತಿ ಹೇಳಿದರೆ, ಹಾಗೆ ಹೇಳಿದವರ ಮನಸ್ಸಾಕ್ಷಿಗಾಗಿ ಬಿಟ್ಟುಬಿಡಿ ಎಂಬ ಮಾತೂ ಅಲ್ಲೇ ಇದೆ. ಪ್ರಭುವಿನ ಮೇಜಿನಲ್ಲೂ ಬೇರೆ ಆರಾಧನೆಯ ಮೇಜಿನಲ್ಲೂ ಒಟ್ಟಿಗೆ ಪಾಲುಗೊಳ್ಳಲಾಗದು ಎಂಬ ಖಡಾಖಂಡಿತ ಎಚ್ಚರಿಕೆಯೂ ಇದೆ. ಹೀಗಿರುವಾಗ ನಿಮ್ಮ ಪತ್ನಿಯವರ ಅಳುಕಿಗೆ ಆಧಾರವಿಲ್ಲ ಎಂದು ನಾನು ಹೇಳಲಾರೆ. ದಯವಿಟ್ಟು ನೀವೂ ಹೇಳಬೇಡಿ.

ನನ್ನ ಅಭಿಪ್ರಾಯ ಇದು: ಪೂಜೆಯಲ್ಲಿ ಪಾಲ್ಗೊಳ್ಳುವುದು ಬೇರೆ, ನೆರೆಯವರ ಪ್ರೀತಿಯನ್ನು ಕೈಚಾಚಿ ಪಡೆಯುವುದು ಬೇರೆ. ಎದುರು ಮನೆಯ ತಾಯಿ ಬೆಳಗಿನಿಂದ ಒಲೆಯ ಮುಂದೆ ನಿಂತು ಮಾಡಿದ್ದರಲ್ಲಿ ನಿಮ್ಮ ಮಗುವಿಗೂ ಒಂದು ಪಾಲು ತೆಗೆದಿಟ್ಟರು. ಅದನ್ನು ತಿಂದದ್ದರಿಂದ ನಿಮ್ಮ ಮಗಳ ವಿಶ್ವಾಸಕ್ಕೆ ಕುಂದು ಬರುವುದಿಲ್ಲ. ಕ್ರಿಸ್ಮಸ್ ದಿನ ನೆವ್ರಿ, ಕಿಡಿಯೊ, ಗುಳಿಯೊ ಜೋಡಿಸಿದ ಕುಸ್ವಾರ್ ತಿಂಡಿಗಳ ತಟ್ಟೆ ನಿಮ್ಮ ಮನೆಯಿಂದ ಅದೇ ಮನೆಗೆ ಹೋಗುತ್ತದಲ್ಲ? ಅದನ್ನು ಅವರು ಬಾಗಿಲಲ್ಲೇ ತಿರುಗಿಸಿದರೆ ನಿಮ್ಮ ಮಗಳಿಗೆ ಏನನ್ನಿಸೀತು ಎಂದು ಯೋಚಿಸಿ. ಪತ್ನಿಯವರ ಮನಸ್ಸು ಒಪ್ಪದಿದ್ದರೆ ಅವರು ತಿನ್ನದಿರಲಿ, ಯಾರೂ ಒತ್ತಾಯಿಸುವುದು ಬೇಡ. ಆದರೆ ಮಗಳು ಏನು ಮಾಡಬೇಕೆಂಬುದನ್ನು ನೀವಿಬ್ಬರೂ ಮುಂದಿನ ಹಬ್ಬಕ್ಕೆ ಮೊದಲೇ ಕುಳಿತು ತೀರ್ಮಾನಿಸಿ. ಒಂಬತ್ತು ವರ್ಷದ ಮಗು ಅಪ್ಪ ಅಮ್ಮನ ಮುಖ ನೋಡಿ ಅದನ್ನು ಊಹಿಸಬೇಕಾಗಬಾರದು.

ಅವಳು ಇಂದಲ್ಲ ನಾಳೆ ಕೇಳಿಯೇ ಕೇಳುತ್ತಾಳೆ, ಅವರ ದೇವರು ಬೇರೆಯೇ ಎಂದು. ಆಗ ಮಾತು ಮರೆಸಬೇಡಿ. ನಾವು ಯೇಸುವನ್ನೇ ಪ್ರಭುವೆಂದು ನಂಬಿ ಆರಾಧಿಸುವವರು, ಅವರು ತಮ್ಮ ಹಿರಿಯರಿಂದ ಕಲಿತಂತೆ ಪ್ರಾರ್ಥಿಸುವವರು, ಅವರ ಭಕ್ತಿಯನ್ನು ನಾವು ಹೀಗಳೆಯುವುದಿಲ್ಲ ಎಂದು ನೇರವಾಗಿ ಹೇಳಿ. ಇದು ನನ್ನೊಬ್ಬನ ಉದಾರತೆಯಲ್ಲ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಘೋಷಿಸಿದೆ. 1969ರಲ್ಲಿ ಭಾರತದ ಬಿಷಪರ ಕೋರಿಕೆಗೆ ರೋಮ್ ಒಪ್ಪಿಗೆಯಿತ್ತ, ಆರಾಧನೆಯನ್ನು ಈ ನೆಲದ ರೀತಿಗೆ ಹೊಂದಿಸುವ ಹನ್ನೆರಡು ಅಂಶಗಳಿಂದಾಗಿಯೇ ಬಲಿಪೂಜೆಯಲ್ಲಿ (ಮಾಸ್) ಆರತಿಗೂ ಅಂಜಲಿಬದ್ಧ ನಮಸ್ಕಾರಕ್ಕೂ ಅಧಿಕೃತ ಜಾಗ ಸಿಕ್ಕಿತು.

"ಸುತ್ತಲಿನ ಸಂಸ್ಕೃತಿ" ಎಂದು ಬರೆದಿದ್ದೀರಿ, ಅದು ನಮ್ಮದಲ್ಲವೆಂಬಂತೆ. ನಿಮ್ಮ ಊರಿನ ಮೊಂತಿ ಹಬ್ಬವನ್ನೇ ನೆನಪಿಸಿಕೊಳ್ಳಿ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಜನ್ಮದಿನ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ದಿನವೂ ಬುಟ್ಟಿಯಲ್ಲಿ ಹೂವು ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಆ ತೆನೆಯ ಕಾಳನ್ನು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಪ್ರಾರ್ಥನೆ ಮಾಡಿ ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆ ಎಲೆಯಲ್ಲಿ ಬರಿಯ ತರಕಾರಿಯ ಊಟ. ಮೀನಿಲ್ಲದೆ ತುತ್ತಿಳಿಯದ ನಮ್ಮ ಮನೆಗಳಲ್ಲಿ ಅಂದು ಯಾರೂ ಮೀನು ಕೇಳುವುದಿಲ್ಲ. ಮಂಗಳೂರಿನ ಬಳಿಯ ಫರಂಗಿಪೇಟೆಯಲ್ಲಿ 1763ರಲ್ಲಿ ಫಾದರ್ ಜೊವಾಕಿಂ ಮಿರಾಂಡಾ ಈ ಹಬ್ಬಕ್ಕೆ ನಾಂದಿ ಹಾಡಿದರೆನ್ನುತ್ತಾರೆ. ತುಳುನಾಡಿನ ಮನೆಮನೆಯ ಹೊಸಕ್ಕಿ ಊಟಕ್ಕೂ ಇದಕ್ಕೂ ಇರುವ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ಈ ಮಣ್ಣಿನ ತೆನೆಯನ್ನು ಹಿಡಿದೇ ನಮ್ಮ ಹಿರಿಯರು ಮಾತೆಯ ಬಳಿಗೆ ಹೋದರು, ಅದರಿಂದ ಅವರ ವಿಶ್ವಾಸ ಗಟ್ಟಿಯಾಯಿತೇ ಹೊರತು ತೆಳುವಾಗಲಿಲ್ಲ.

ಇನ್ನು ಸರ್ವಜ್ಞ. ಆಕ್ಷೇಪಿಸಿದವರಿಗೆ ಉತ್ತಂಗಿ ಚನ್ನಪ್ಪನವರ ಹೆಸರು ಹೇಳಿ. ಬಾಸೆಲ್ ಮಿಷನ್ನಿನಲ್ಲಿ ಪಾದ್ರಿಯಾಗಿ ದುಡಿದ ಅವರು ಚದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ವರ್ಷಗಟ್ಟಲೆ ಶ್ರಮಿಸಿ ಸಂಗ್ರಹಿಸಿ, ಪರಿಷ್ಕರಿಸಿ, 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಕ್ರೈಸ್ತ ಬೋಧಕರೊಬ್ಬರು ಬಾಳಿನ ಬಹುಪಾಲು ಪ್ರೀತಿಯಿಂದ ಕಾಪಾಡಿದ ತ್ರಿಪದಿಗಳನ್ನು ಕ್ರೈಸ್ತ ಹುಡುಗಿಯೊಬ್ಬಳು ಶಾಲೆಯಲ್ಲಿ ಹೇಳಬಾರದೆಂದರೆ ನನಗೆ ನಿಜವಾಗಿಯೂ ನೋವಾಗುತ್ತದೆ. ಅವಳು ಗಟ್ಟಿಯಾಗಿ, ಬಾಯಿ ತುಂಬ ಹೇಳಲಿ.

ಈಗ ಆ ಒಂದು ಸಾಲಿಗೆ ಬರುತ್ತೇನೆ. ಎದುರು ಮನೆಯ ಮಕ್ಕಳಿಗೆ ಅವರ ಹಬ್ಬವಿದೆ, ಹಾಡಿದೆ, ದೀಪ ಹಚ್ಚುವ ಹೊತ್ತಿದೆ. ನಿಮ್ಮ ಮಗಳಿಗೆ ಮನೆಯಲ್ಲಿ ಅಂಥದ್ದೇನಿದೆ? ಭಾನುವಾರದ ಬಲಿಪೂಜೆ, ಕ್ಯಾಟೆಕಿಸಂ ತರಗತಿ, ಅದು ಬಿಟ್ಟರೆ ಏನನ್ನು ತಿನ್ನಬಾರದು, ಏನನ್ನು ಹಾಡಬಾರದು ಎಂಬ ಪಟ್ಟಿ. ಮಾಡಬಾರದವುಗಳ ಪಟ್ಟಿಯಿಂದ ಮಗು ದೇವರನ್ನು ಪ್ರೀತಿಸಲು ಕಲಿಯುವುದಿಲ್ಲ. ನಿಮ್ಮ ತಂದೆ ನಿಮಗೆ ಎಷ್ಟು ಉಪದೇಶ ಮಾಡಿದರೋ ನನಗೆ ಗೊತ್ತಿಲ್ಲ. ಆದರೆ ಗದ್ದೆಯಿಂದ ಬಂದು ಕೈಕಾಲು ತೊಳೆದು ಮೊಣಕಾಲೂರುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಅವರು ಕಲಿಸಿದ್ದು ಹಾಗೆ.

ರಾತ್ರಿ ಎಂಟೂವರೆಗೆ ಮನೆ ಸೇರುವವರಿಗೆ ಐದೂ ರಹಸ್ಯಗಳ ತೆರ್ಸ್ ಕಷ್ಟವೆಂದು ನಾನು ಬಲ್ಲೆ. ಒಂದೇ ರಹಸ್ಯದಿಂದ, ಅಂದರೆ ಜಪಮಾಲೆಯ ಒಂದು ಭಾಗದಿಂದ ಆರಂಭಿಸಿ, ಹತ್ತು ನಮಾನ್ ಮರಿಯೆ (ಮರಿಯಮ್ಮನಿಗೆ ನಮನ ಹೇಳುವ ಪ್ರಾರ್ಥನೆ). ಊಟಕ್ಕೆ ಮೊದಲು, ಟಿವಿ ಆರಿಸಿ, ಮೊಬೈಲ್ ಇನ್ನೊಂದು ಕೋಣೆಯಲ್ಲಿಟ್ಟು ಕುಳಿತುಕೊಳ್ಳಿ. ಮುನ್ನಡೆಸುವ ಕೆಲಸವನ್ನು ಕೆಲವು ದಿನ ಮಗಳಿಗೇ ಬಿಡಿ, ಅವಳು ತಪ್ಪಿದರೆ ನಡುವೆ ತಿದ್ದಬೇಡಿ. ಕೋರಿಕೆಗಳನ್ನು ಹೇಳುವಾಗ ಅಜ್ಜಿಯ ಮಂಡಿನೋವು, ನಾಳೆಯ ಗಣಿತ ಪರೀಕ್ಷೆ, ಎದುರು ಮನೆಯವರ ಆರೋಗ್ಯ ಎಲ್ಲವೂ ಬರಲಿ. ಕೊನೆಯಲ್ಲಿ ನಮ್ಮ ಹಳೆಯ ಪದ್ಧತಿಯನ್ನು ಬಿಡಬೇಡಿ: ಮಗಳು ಕೈಮುಗಿದು "ಬೆಸಾಂವ್ ದಿ" (ಆಶೀರ್ವಾದ ಕೊಡಿ) ಎಂದು ನಿಮ್ಮ ಬಳಿಗೂ ತಾಯಿಯ ಬಳಿಗೂ ಬರಲಿ, ನೀವಿಬ್ಬರೂ "ದೇವ್ ಬರೆಂ ಕರುಂ" (ದೇವರು ಒಳ್ಳೆಯದು ಮಾಡಲಿ) ಎಂದು ಹರಸಿ. ಹಗಲಿನಲ್ಲಿ ಅವಳನ್ನು ಗದರಿಸಿದ್ದರೂ, ಪತ್ನಿಯೊಡನೆ ಮಾತು ಬಿಟ್ಟಿದ್ದರೂ ಆ ಹೊತ್ತಿಗೆ ಎದುರುಬದುರು ನಿಲ್ಲಲೇಬೇಕಾಗುತ್ತದೆ. ಈ ಪದ್ಧತಿಯ ಬಗ್ಗೆ ನನಗಿರುವ ಪ್ರೀತಿಗೆ ಅದೇ ಕಾರಣ.

ಬೆಂಗಳೂರಿನಲ್ಲಿ ಮಗಳನ್ನು ಕೊಂಕಣಿ ಪೂಜೆಗೆ ಕರೆದೊಯ್ಯಬೇಕೋ, ಕನ್ನಡದ್ದಕ್ಕೋ, ಇಂಗ್ಲಿಷಿನದ್ದಕ್ಕೋ ಎಂದೂ ಕೇಳಿದ್ದೀರಿ. ಅವಳಿಗೆ ಪ್ರಬೋಧನೆ ಅರ್ಥವಾಗುವ ಪೂಜೆಗೆ ಹೋಗಿ. ಕೊಂಕಣಿ ಮನೆಯ ಪ್ರಾರ್ಥನೆಯಲ್ಲಿ ಉಳಿಯಲಿ.

ಈ ಉತ್ತರವನ್ನು ನಿಮ್ಮ ಪತ್ನಿಯವರಿಗೂ ಓದಲು ಕೊಡಿ. ಕಡುಬಿನ ವಿಚಾರದಲ್ಲಿ ಅವರಿಗೆ ನನ್ನ ಮಾತು ಒಪ್ಪಿಗೆಯಾಗದಿದ್ದರೆ ಅವರೇ ಬರೆಯಲಿ, ಅದನ್ನೂ ಇದೇ ಅಂಕಣದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ